ಬಾಗಿಲ ಹಿಂದಿನ ಚೀಲ

ಬ್ರೂಚ್ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ಡೋರೀನ್ ಹ್ಯಾಕೆಟ್‌ಳ ಮನೆಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ, ಆಲ್ಡಿ ಅನ್ನುವ ಅಗ್ಗದ ಅಂಗಡಿಯ ಚೀಲದಲ್ಲಿ.

ಹಳೇ ಕಾಲದ ಬ್ರೂಚ್, ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಒಡವೆ. ನಡುವೆ ಕೆಂಪು ಹರಳು, ಸುತ್ತ ಮುತ್ತು. ಲೇಡಿ ರೋಸಮಂಡ್ ಥಾರ್ನ್ ಅವರಿಗೆ ತಾಯಿಯಿಂದ ಬಂದದ್ದು. ಗುರುವಾರ ಮಧ್ಯಾಹ್ನ ಅದು ಅವರ ದೊಡ್ಡಮನೆಯ ಮುಂಬಾಗಿಲ ಪಕ್ಕದ ಪಿಂಗಾಣಿ ಬಟ್ಟಲಲ್ಲಿತ್ತು. ಸಂಜೆಗೆ ಇರಲಿಲ್ಲ.

ನಾನು ಹೋದಾಗ ಡೋರೀನ್ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅರವತ್ತೆರಡು ವರ್ಷದ ಹೆಂಗಸು. ಹತ್ತೊಂಬತ್ತು ವರ್ಷದಿಂದ ದೊಡ್ಡಮನೆಯ ಕಸ ಮುಸುರೆ ಅವಳದ್ದು. ಕೆಲಸದ ಜೊತೆಗೆ ಹಿತ್ತಲಿನ ಈ ಎರಡು ಕೋಣೆಯ ಮನೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ.

"ಸೋಮವಾರದೊಳಗೆ ಖಾಲಿ ಮಾಡು ಅಂದವ್ರೆ," ಎಂದಳು. "ಎಲ್ಲಿಗೆ ಹೋಗ್ಲಿ ಹೇಳಮ್ಮ."

ಹಾಗೆ ಅಂದವನು ಲೇಡಿಯ ಅಣ್ಣನ ಮಗ ಕ್ರಿಸ್ಪಿನ್. ಬ್ರೂಚ್ ಹುಡುಕಿ ತೆಗೆದವನೂ ಅವನೇ. ಕೆಂಪು ಪ್ಯಾಂಟು, ಕೆಂಪು ಕೆನ್ನೆ. ಕಳ್ಳನನ್ನು ಹಿಡಿದ ಖುಷಿಯಲ್ಲಿದ್ದ.

"ಇದರಲ್ಲಿ ಪತ್ತೇದಾರಿಕೆ ಏನಿದೆ ಸಾರ್ಜೆಂಟ್?" ಎಂದ. "ನಮ್ಮೂರಲ್ಲಿ ಎಲ್ರೂ ದುಬಾರಿ ಅಂಗಡಿ ವೇಟ್‌ರೋಸ್‌ಗೆ ಹೋಗೋರು. ಆಲ್ಡಿ ಚೀಲ ಕೆಲಸದವಳದ್ದಲ್ದೆ ಇನ್ಯಾರದು?"

ನಾನು ಸಾರ್ಜೆಂಟ್ ಮಾವಿಸ್ ಕ್ರಾಬ್‌ಟ್ರೀ. ಪ್ರತಿ ಶನಿವಾರ ಆಲ್ಡಿಗೆ ಹೋಗುವವಳು. ನನ್ನ ತಂಗಿ ಲಿನೆಟ್ ದಂತವೈದ್ಯನನ್ನು ಮದುವೆಯಾದ ಮೇಲೆ ವೇಟ್‌ರೋಸ್ ಬಿಟ್ಟು ಬೇರೆ ಅಂಗಡಿಯ ಹೊಸ್ತಿಲು ತುಳಿದಿಲ್ಲ. ಆ ಅಂಗಡಿಯ ಚೀಲವನ್ನು ಬಂದವರಿಗೆಲ್ಲ ಕಾಣುವಂತೆ ಬಾಗಿಲಲ್ಲೇ ಇಡುತ್ತಾಳೆ. ನನಗೆ ಹೊಟ್ಟೆಕಿಚ್ಚೇ ಅಂದರೆ, ಹೌದು. ಸುಳ್ಳು ಹೇಳುವುದಿಲ್ಲ. ಹಾಗಾಗಿ ಕ್ರಿಸ್ಪಿನ್‌ನ ಮಾತು ನನಗೆ ನೇರವಾಗಿ ನಾಟಿತು.

"ಈ ಚೀಲ ನಿಂದಾ?" ಎಂದು ಡೋರೀನ್‌ಳನ್ನು ಕೇಳಿದೆ.

"ನಂದಲ್ಲ. ನಮ್ಮೂರಲ್ಲಿ ಆಲ್ಡಿ ಎಲ್ಲೈತೆ? ಹದಿನಾಲ್ಕು ಮೈಲಿ ಆಚೆ. ಕಾರಿಲ್ಲ. ಬಸ್ಸು ನಿಂತು ಮೂರು ವರ್ಷ ಆಯ್ತು."

"ಮತ್ತೆ ಸಾಮಾನು?"

"ವೇಟ್‌ರೋಸ್. ನಡ್ಕೊಂಡು ಹೋಗಕ್ಕೆ ಅದೊಂದೇ ಇರದು. ಸಂಜೆ ಐದೂವರೆಗೆ ಹಳದಿ ಚೀಟಿ ಅಂಟುಸ್ತಾರಲ್ಲ, ಉಳಿದಿದ್ದಕ್ಕೆ ಅರ್ಧ ಬೆಲೆ? ಆಗ ಹೋಗ್ತೀನಿ. ನಿನ್ನೆ ಬಾತುಕೋಳಿ ತಿಂದೆ ನಾನು. ಕ್ರಿಸ್ಪಿನ್ ಸಾಹೇಬ್ರು ತಿಂದ್ರೋ ಇಲ್ವೋ ಗೊತ್ತಿಲ್ಲ."

ಅಳುತ್ತಲೇ ಹೇಳಿದಳು. ನನಗೆ ನಗು ಬಂತು. ತಡೆದುಕೊಂಡೆ.

*

ಚೀಲವನ್ನು ಜೀಪಿನಲ್ಲಿ ಕೂತು ಒಳಹೊರಗು ಮಾಡಿ ನೋಡಿದೆ. ತಳದ ಮೂಲೆಯಲ್ಲಿ ಒಂದು ಕಾಗದದ ತುಂಡು ಅಂಟಿಕೊಂಡಿತ್ತು. ಹೆಬ್ಬೆರಳಿನಷ್ಟು. ನೀರಲ್ಲಿ ನೆಂದು ಒಣಗಿದ್ದು. ಅರ್ಧ ಕಿತ್ತಳೆಹಣ್ಣಿನ ಚಿತ್ರ.

ಅದನ್ನು ಗುರುತಿಸಲು ನನಗೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ. ನಾನು ದಿನಾ ಬೆಳಿಗ್ಗೆ ನೋಡುವ ಕಿತ್ತಳೆಹಣ್ಣು ಅದು. ಆಲ್ಡಿಯ ಮಾರ್ಮಲೇಡ್, ಅಂದರೆ ಕಿತ್ತಳೆ ಜಾಮ್, ಅದರ ಜಾಡಿಯ ಮೇಲಿನ ಚೀಟಿ.

ಒಂದೇ ಪ್ರಶ್ನೆ. ಜಾಡಿಯ ಚೀಟಿಯನ್ನು ಯಾರಾದರೂ ನೆನೆಸಿ ಕಿತ್ತುಹಾಕುವುದು ಯಾಕೆ?

*

ಲೇಡಿ ರೋಸಮಂಡ್ ನನ್ನನ್ನು ಅಡುಗೆಮನೆಗೆ ಕರೆದರು. ಎಂಬತ್ತೊಂದು ವರ್ಷ. ಮೊಣಕೈ ಹರಿದ ಸ್ವೆಟರ್, ಮೈತುಂಬ ನಾಯಿಕೂದಲು. ದೊಡ್ಡ ಒಲೆ, ಗೀರುಬಿದ್ದ ಮರದ ಮೇಜು, ಎರಡು ಕುರ್ಚಿ. ಒಂದರ ಮೇಲೆ ನಾಯಿ. ಇನ್ನೊಂದರಲ್ಲಿ ದಿನಾ ಹನ್ನೊಂದು ಗಂಟೆಗೆ ಡೋರೀನ್ ಕೂತು ಟೀ ಕುಡಿಯುತ್ತಾಳಂತೆ.

"ಡೋರೀನ್ ಕದಿಯೋದಾ?" ಎಂದರು. "ಆ ಬ್ರೂಚನ್ನ ನಾಯಿ ಎರಡು ಸಲ ನುಂಗಿದೆ. ಎರಡು ಸಲವೂ ಅವಳೇ ಹುಡುಕಿ ತಂದಳು. ಎಲ್ಲಿಂದ ಅಂತ ಕೇಳಬೇಡ."

"ಹಾಗಾದ್ರೆ ಮನೆ ಖಾಲಿ ಮಾಡು ಅನ್ನೋಕೆ ಕ್ರಿಸ್ಪಿನ್‌ನ ಯಾಕೆ ಬಿಟ್ರಿ?"

ಅವರ ಮುಖ ಬಾಡಿತು. "ಆಸ್ತಿ ಎಲ್ಲ ಈಗ ಕ್ರಿಸ್ಪಿನ್ ಹೆಸರಲ್ಲಿದೆ ಕಣಮ್ಮ. ತೆರಿಗೆ ಉಳಿಯುತ್ತೆ ಅಂತ ಬರೆದುಕೊಟ್ಟೆ. ಕಳ್ಳತನ ಅಲ್ಲ ಅಂತ ನೀನು ತೋರಿಸಿಕೊಟ್ರೆ ಮಾತ್ರ ಅವನ ಬಾಯಿ ಕಟ್ಟಬಹುದು."

ತಟ್ಟೆಯಲ್ಲಿ ಬಿಸ್ಕತ್ತು ಬಂತು. ಪೊಟ್ಟಣ ಒಲೆಯ ಪಕ್ಕದಲ್ಲಿತ್ತು. ನೋಡಿದರೆ ಆಲ್ಡಿಯದು.

"ನೀವೂ ಅಲ್ಲಿಗೆ ಹೋಗ್ತೀರಾ?"

"ತಿಂಗಳಿಗೊಂದು ಸಲ. ಅದೇ ಬಿಸ್ಕತ್ತಿಗೆ ಇಲ್ಲಿ ಮೂರು ಪಟ್ಟು ಕೊಡೋಕೆ ನಾನೇನು ದಡ್ಡಿಯೇ?"

"ಹಾಗಾದ್ರೆ ಚೀಲ ನಿಮ್ಮದೇ ಇರಬಹುದು."

"ಚೀಲಕ್ಕೆ ದುಡ್ಡು ಕೊಡೋದಾ?" ನಿಜಕ್ಕೂ ಗಾಬರಿಯಾದರು. "ನಮ್ಮಜ್ಜಿಯ ಬುಟ್ಟಿ ಗಟ್ಟಿಯಾಗಿದೆ ಇನ್ನೂ."

"ಡೋರೀನ್ ಜೊತೆಗೆ ಬರ್ತಾಳಾ?"

"ಅವಳು ನನ್ನ ಡ್ರೈವಿಂಗ್ ನೋಡಿದ್ದಾಳೆ. ಕಾರು ಹತ್ತಲ್ಲ."

ಗುರುವಾರ ಮಧ್ಯಾಹ್ನ ಮನೆಯಲ್ಲಿ ಲೇಡಿಯನ್ನು ಬಿಟ್ಟು ಮೂವರಿದ್ದರು. ಡೋರೀನ್, ಕ್ರಿಸ್ಪಿನ್, ಮತ್ತೆ ಮಿಸೆಸ್ ಪ್ರುನೆಲಾ ಗೋರಿಂಗ್. ಈಕೆ ಹೊಸ ಬಡಾವಣೆಯ ವಿಧವೆ. ಚರ್ಚಿನ ಹೂವಿನ ಸಮಿತಿಯ ಅಧ್ಯಕ್ಷೆ. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಮೂರು ಗಂಟೆಗೆ ಟೀಗೆ ಬರುತ್ತಾಳೆ.

"ಇದೇ ಅಡುಗೆಮನೆಗೆ?"

"ಅಯ್ಯೋ ಇಲ್ಲ. ಡ್ರಾಯಿಂಗ್ ರೂಮಿಗೆ. ಬೆಳ್ಳಿ ಕೆಟಲ್ ತೆಗೀಬೇಕು. ಪ್ರತಿಸಲ ಒಂದು ವೇಟ್‌ರೋಸ್ ಮಾರ್ಮಲೇಡ್ ಜಾಡಿ ತಂದು, ಹಳೇ ಖಾಲಿ ಜಾಡಿ ವಾಪಸ್ ಒಯ್ತಾಳೆ ಪಾಪ."

ನಾನು ಬಿಸ್ಕತ್ತು ಕೆಳಗಿಟ್ಟೆ. "ಹೇಗಿರುತ್ತೆ ಅದು?"

ಲೇಡಿ ಸ್ವಲ್ಪ ಹೊತ್ತು ನಾಯಿಯ ಕಿವಿ ಸವರಿದರು. "ಚೆನ್ನಾಗಿರುತ್ತೆ," ಎಂದರು.

*

ಮಿಸೆಸ್ ಗೋರಿಂಗ್ ಮುತ್ತಿನ ಸರ ಹಾಕಿಕೊಂಡೇ ಬಾಗಿಲು ತೆರೆದಳು. ಮನೆ ಕನ್ನಡಿಯಂತಿತ್ತು. ಕೂತ ಸೋಫಾ ಸುಕ್ಕಾಗುತ್ತದೇನೋ ಎಂದು ನಾನು ತುದಿಯಲ್ಲೇ ಕೂತೆ.

"ಪಾಪ, ರೋಸಮಂಡ್‌ಗೆ ಎಷ್ಟು ನೋವಾಗಿರಬೇಕು," ಎಂದಳು. "ಕೆಲಸದವರನ್ನ ಅಷ್ಟು ಹತ್ತಿರ ಬಿಟ್ಕೋಬಾರದು. ಅಡುಗೆಮನೇಲಿ ಎದುರುಬದುರು ಕೂತು ಟೀ ಕುಡೀತಾರಂತೆ. ಇಬ್ಬರೂ ನಗ್ತಿರ್ತಾರೆ. ಚರ್ಚಿನ ಹೂವಿಗೆ ಅಂತ ಬೆಳಿಗ್ಗೆ ಬಂದಾಗ ಮುಂಬಾಗಿಲಿಗೇ ಕೇಳುತ್ತೆ."

"ನೀವು ಆ ಕಡೆ ಹೋಗಿಲ್ವಾ?"

"ನನ್ನನ್ನ ಡ್ರಾಯಿಂಗ್ ರೂಮಲ್ಲಿ ಬರಮಾಡ್ಕೋತಾರೆ," ಎಂದಳು. ಗರ್ವದಿಂದಲೇ ಶುರುಮಾಡಿದಳು. ಕೊನೆಯ ಹೊತ್ತಿಗೆ ಗರ್ವ ಇರಲಿಲ್ಲ.

"ಆಲ್ಡಿಗೆ ಹೋಗಿದ್ದೀರಾ ಯಾವಾಗಲಾದ್ರೂ?"

ಮೂಗು ಮುರಿದಳು. "ಅದು ಎಲ್ಲಿದೆ ಅಂತಲೂ ಗೊತ್ತಿಲ್ಲ ನನಗೆ. ಇಪ್ಪತ್ತು ವರ್ಷದಿಂದ ವೇಟ್‌ರೋಸೇ. ಪ್ರತಿ ಶನಿವಾರ ಹತ್ತು ಗಂಟೆಗೆ."

ಕ್ರಿಸ್ಪಿನ್‌ನನ್ನೂ ಅದನ್ನೇ ಕೇಳಿದೆ. ಅವನೂ ಅದೇ ಹೇಳಿದ. ಆ ಹಿತ್ತಲ ಮನೆಯನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಆಸೆ ಅವನಿಗಿದೆ ಎಂದು ಅಂಚೆಯವನು ಹೇಳಿದ್ದ. ಡೋರೀನ್ ಹೊರಟರೆ ಲಾಭ ಅವನಿಗೆ. ಕಾರಿದೆ. ಬ್ರೂಚ್ ಹುಡುಕಿದವನೂ ಅವನೇ. ನನಗೆ ಅವನೇ ಕಳ್ಳನಾಗಬೇಕಿತ್ತು. ಆ ಕೆಂಪು ಪ್ಯಾಂಟನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುವ ಆಸೆ ನನಗೆ ಬಹಳ ಇತ್ತು.

ಆದರೆ ಆಸೆ ಸಾಕ್ಷಿಯಲ್ಲ.

*

ಶನಿವಾರ ನಾನು ಆಲ್ಡಿಗೆ ಹೋಗಲಿಲ್ಲ. ಒಂಬತ್ತೂಮುಕ್ಕಾಲಿಗೆ ವೇಟ್‌ರೋಸ್‌ನ ಹೂವಿನ ಬಕೆಟ್ಟುಗಳ ಹಿಂದೆ ನಿಂತೆ. ಊರೆಲ್ಲ ಅಲ್ಲಿತ್ತು. ಯಾರ ಟ್ರಾಲಿಯಲ್ಲಿ ಏನಿದೆ ಎಂದು ಯಾರೂ ನೋಡದ ಹಾಗೆ ಎಲ್ಲರೂ ನೋಡುತ್ತಿದ್ದರು.

ಕ್ರಿಸ್ಪಿನ್ ಮೊದಲು ಬಂದ. ಬಿಲ್ ಕೌಂಟರಿನಲ್ಲಿ ರಾಜನ ಹಾಗೆ ನಿಂತ. ಒಂದೊಂದೇ ಸಾಮಾನು ಎತ್ತಿ ಚೀಲಕ್ಕೆ ಹಾಕಿದ. ಮೊಟ್ಟೆ ಮೇಲೆ, ವೈನ್ ಕೆಳಗೆ. ನಡುವೆ ಕ್ರಿಕೆಟ್ ಮಾತು. ಕೌಂಟರಿನ ಹೆಂಗಸು ನಗುತ್ತಾ ಕಾದಳು. ಹಿಂದಿನವರೂ ಕಾದರು. ಇಲ್ಲಿ ಎಲ್ಲರೂ ಕಾಯುತ್ತಾರೆ.

ಹತ್ತಕ್ಕೆ ಮಿಸೆಸ್ ಗೋರಿಂಗ್ ಬಂದಳು. ಎಲ್ಲರಿಗೂ ಕೈಬೀಸಿದಳು. ಟ್ರಾಲಿಯಲ್ಲಿ ಎಂಟೇ ಎಂಟು ಸಾಮಾನು. ಮಾರ್ಮಲೇಡ್ ಮಾತ್ರ ಇರಲಿಲ್ಲ.

ಕೌಂಟರಿನ ಹೆಂಗಸು ಮೊದಲ ಸಾಮಾನು ದಾಟಿಸಿದಳು. ಮಿಸೆಸ್ ಗೋರಿಂಗ್‌ಳ ಕೈ ಅದನ್ನು ಬಾಚಿ ಟ್ರಾಲಿಗೆ ಎಸೆಯಿತು. ಎರಡನೆಯದನ್ನೂ, ಮೂರನೆಯದನ್ನೂ. ಎರಡೂ ಕೈ, ಭರಭರ, ಯಾರೋ ಬೆನ್ನಟ್ಟಿದ ಹಾಗೆ. ಕಾರ್ಡು ಆಗಲೇ ಹಲ್ಲುಗಳ ನಡುವೆ. ಹಣ ಕೊಟ್ಟವಳೇ ಟ್ರಾಲಿ ತಳ್ಳಿಕೊಂಡು ಕಿಟಕಿ ಪಕ್ಕದ ಗೋಡೆಯತ್ತ ಹೊರಟಳು. ಅಲ್ಲಿ ನಿಂತಳು. ಗೋಡೆಯನ್ನೇ ನೋಡಿದಳು.

ಅಲ್ಲಿ ಏನೂ ಇರಲಿಲ್ಲ. ಒಂದು ಕಸದಬುಟ್ಟಿ ಬಿಟ್ಟರೆ.

ಅದು ನನ್ನದೇ ಕೈ. ನನ್ನದೇ ನಡಿಗೆ.

*

ಅಂಗಡಿಯಿಂದಲೇ ಕ್ರಿಸ್ಪಿನ್‌ಗೆ ಫೋನ್ ಮಾಡಿದೆ.

"ಹಿತ್ತಲ ಮನೇಲಿ ಹುಡುಕಿ ಅಂತ ನಿಮಗೆ ಯಾರು ಹೇಳಿದ್ದು? ನಿಜ ಹೇಳಿ."

ಸ್ವಲ್ಪ ತಡೆದ. "ನನಗೇ ಹೊಳೀತು ಅಂತ ಅತ್ತೆಗೆ ಹೇಳಿದ್ದೆ. ನಿಜ ಅಂದ್ರೆ ಪ್ರುನೆಲಾ ಫೋನ್ ಮಾಡಿದ್ರು. ಬಾಗಿಲ ಹಿಂದೆ ನೋಡಿ, ಕೆಲಸದವರು ಅಲ್ಲೇ ಇಡೋದು ಅಂದ್ರು. ಯಾಕೆ?"

ಮಧ್ಯಾಹ್ನ ವಾರಂಟ್ ಹಿಡಿದು ಮಿಸೆಸ್ ಗೋರಿಂಗ್‌ಳ ಮನೆಯ ಹಿಂಬಾಗಿಲಿಗೆ ಹೋದೆ. ಅವಳು ಮನೆಯಲ್ಲಿರಲಿಲ್ಲ, ಪಕ್ಕದವರ ಹತ್ತಿರ ಬೀಗದಕೈ ಇತ್ತು. ಅಡುಗೆಮನೆಯ ತೊಟ್ಟಿಯಲ್ಲಿ ಮೂರು ಜಾಡಿ ನೆನೆಯುತ್ತಿದ್ದವು. ನೀರ ಮೇಲೆ ಕಾಗದದ ಕಿತ್ತಳೆಹಣ್ಣುಗಳು ತೇಲುತ್ತಿದ್ದವು.

*

ಮಿಸೆಸ್ ಗೋರಿಂಗ್ ಎಲ್ಲಿದ್ದಳು? ದೊಡ್ಡಮನೆಯಲ್ಲಿ. ನನ್ನ ಮಾತಿನ ಮೇಲೆ ಲೇಡಿ ರೋಸಮಂಡ್ ಅವಳನ್ನು ಕರೆಸಿದ್ದರು. ಅಡುಗೆಮನೆಗೆ.

ನಾನು ಒಳಗೆ ಹೋದಾಗ ಅವಳು ಡೋರೀನ್‌ಳ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ತುದಿ ಒಡೆದ ದಪ್ಪ ಕಪ್ಪಿನಲ್ಲಿ ಟೀ. ಮೇಜಿನ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದಳು. ಅಷ್ಟು ಸಂತೋಷದ ಮುಖವನ್ನು ನಾನು ನನ್ನ ವೃತ್ತಿಯಲ್ಲಿ ಬಾಡಿಸಿದ್ದು ಕಡಿಮೆ.

ಕ್ರಿಸ್ಪಿನ್ ಕಿಟಕಿಯ ಹತ್ತಿರ ನಿಂತಿದ್ದ. ಡೋರೀನ್ ಬಾಗಿಲಲ್ಲಿ.

"ಮಿಸೆಸ್ ಗೋರಿಂಗ್," ಎಂದೆ, "ಚೀಲ ನಿಮ್ಮದು."

"ಏನಂದ್ರಿ?"

"ವೇಟ್‌ರೋಸ್‌ನಲ್ಲಿ ಇಪ್ಪತ್ತು ವರ್ಷ ಸಾಮಾನು ಕೊಂಡವರು ಕೌಂಟರಿನಲ್ಲೇ ನಿಧಾನಕ್ಕೆ ಚೀಲ ತುಂಬ್ತಾರೆ. ಆಲ್ಡಿಯಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಬಾಚಿ ಟ್ರಾಲಿಗೆ ಹಾಕ್ಬೇಕು, ಆಮೇಲೆ ಗೋಡೆ ಪಕ್ಕದ ಕಟ್ಟೆ ಮೇಲೆ ಇಟ್ಟು ತುಂಬ್ಕೋಬೇಕು. ಇವತ್ತು ನೀವು ಇಲ್ಲದ ಕಟ್ಟೆ ಹುಡುಕ್ಕೊಂಡು ಹೋದ್ರಿ. ಬಾಯಿ ಸುಳ್ಳು ಹೇಳಬಹುದು, ಕೈಗೆ ಬರಲ್ಲ. ನನ್ನ ಕೈಯೂ ಹಾಗೇ."

ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಮುಂದುವರಿಸಿದೆ.

"ವಾರದ ಸಾಮಾನು ಹದಿನಾಲ್ಕು ಮೈಲಿ ಆಚೆ. ಶನಿವಾರ ಇಲ್ಲಿ ಎಂಟು ಸಾಮಾನು, ಊರಿಗೆ ತೋರಿಸೋಕೆ. ಅಲ್ಲಿನ ಮಾರ್ಮಲೇಡನ್ನ ಇಲ್ಲಿನ ಖಾಲಿ ಜಾಡಿಗೆ ಸುರಿದು ತರ್ತಿದ್ರಿ. ಅಲ್ಲಿನ ಜಾಡಿ ಕಸದಲ್ಲಿ ಯಾರ ಕಣ್ಣಿಗೂ ಬೀಳ್ಬಾರದು ಅಂತ ಚೀಟಿ ನೆನೆಸಿ ಕಿತ್ತುಹಾಕ್ತಿದ್ರಿ. ಜಾಡಿ ಎಸೆಯೋಕೆ ಹೊತ್ತ ಚೀಲದಲ್ಲಿ ಒಂದು ಚೀಟಿಯ ಚೂರು ಉಳೀತು. ಗುರುವಾರ ಬಟ್ಟಲಿಂದ ಬ್ರೂಚ್ ತೆಗೆದ್ರಿ. ಹಿತ್ತಲ ಮನೆಗೆ ಹಗಲಲ್ಲಿ ಬೀಗ ಇರಲ್ಲ. ಕೆಲಸದವಳು ಅಂದ್ರೆ ಆಲ್ಡಿ ಅಂತ ಲೆಕ್ಕ ಹಾಕಿದ್ರಿ. ಡೋರೀನ್ ವೇಟ್‌ರೋಸ್‌ನ ಬಾತುಕೋಳಿ ತಿಂತಾಳೆ. ಆಲ್ಡಿಗೆ ಹೋಗೋರು ನೀವು."

ಮೇಲೆ ತಳುಕು, ಒಳಗೆ ಹುಳುಕು ಅನ್ನುತ್ತಾರೆ. ಇವಳ ಒಳಗಿದ್ದದ್ದು ಹುಳುಕಲ್ಲ, ಬರೀ ಉರಿ. ಅದರ ಬಿಸಿ ನನಗೆ ಗೊತ್ತು.

"ಬ್ರೂಚ್ ನನಗೆ ಬೇಕಿರಲಿಲ್ಲ," ಎಂದಳು ಕೊನೆಗೆ. ಲೇಡಿಯ ಕಡೆ ನೋಡಲಿಲ್ಲ, ಡೋರೀನ್‌ಳನ್ನು ನೋಡಿದಳು. "ಹನ್ನೊಂದು ವರ್ಷ ಆ ತಣ್ಣನೆ ರೂಮಲ್ಲಿ ಕೂತಿದೀನಿ. ಬೆನ್ನು ನೆಟ್ಟಗೆ. ನೀನು ಇಲ್ಲಿ ಕೂತು ನಗ್ತಿದ್ದೆ. ನೆಲ ಒರೆಸೋಳು. ನಿನ್ನಲ್ಲಿ ಏನಿತ್ತು? ನನ್ನಲ್ಲಿ ಏನಿರಲಿಲ್ಲ?"

ಉತ್ತರ ಕೊಟ್ಟದ್ದು ಲೇಡಿ ರೋಸಮಂಡ್.

"ಪ್ರುನೆಲಾ, ನೀನು ಕೈಗವಸು ಹಾಕ್ಕೊಂಡು ಬರ್ತಿದ್ದೆ. ಮುತ್ತಿನ ಸರ. ಈ ಕೊಳಕು ಅಡುಗೆಮನೆಗೆ ಕರೆದರೆ ನಿನಗೆ ಅವಮಾನ ಆಗುತ್ತೆ ಅನ್ಕೊಂಡೆ. ನೀನು ಬರ್ತೀಯ ಅಂತ ಪ್ರತಿ ಗುರುವಾರ ನಾನೂ ಒಳ್ಳೆ ಸ್ವೆಟರ್ ಹುಡುಕಿ ಹಾಕ್ಕೋತಿದ್ದೆ. ಅದು ಚುಚ್ಚುತ್ತೆ."

"ಮಾರ್ಮಲೇಡ್..." ಎಂದಳು ಮಿಸೆಸ್ ಗೋರಿಂಗ್.

"ಮೊದಲ ದಿನವೇ ರುಚಿಯಲ್ಲೇ ಗೊತ್ತಾಯ್ತು. ನಾನೂ ಆಲ್ಡಿಯದನ್ನೇ ತಿನ್ನೋದು."

ಕ್ರಿಸ್ಪಿನ್ ಗಂಟಲು ಸರಿಮಾಡಿಕೊಂಡ. "ಡೋರೀನ್, ಆ ಸೋಮವಾರದ ಮಾತು... ಬಿಟ್ಬಿಡಿ," ಎಂದ. ಅವನ ಕೆನ್ನೆ ಪ್ಯಾಂಟಿಗಿಂತ ಕೆಂಪಾಗಿತ್ತು. ನನಗೆ ಅಷ್ಟಾದರೂ ಸಿಕ್ಕಿತು.

"ಹೊರಡೋಣ್ವಾ?" ಎಂದೆ.

"ಟೀ ಮುಗಿಸಲಾ?" ಎಂದು ಅವಳು ಕೇಳಿದಳು. ನನ್ನನ್ನಲ್ಲ, ಲೇಡಿಯನ್ನು.

ಲೇಡಿ ಹೂಂ ಎಂದು ತಲೆಯಾಡಿಸಿದರು. ಅವಳು ಒಂದೊಂದೇ ಗುಟುಕು ಕುಡಿದಳು. ಟೀ ಆರಿಹೋಗಿರಬೇಕು. ಕುಡಿದು ಎದ್ದು ಕಪ್ಪು ಹಿಡಿದು ನಿಂತಳು.

"ಅಲ್ಲೇ ಇಡಿ," ಎಂದಳು ಡೋರೀನ್. "ನಾನು ತೊಳೀತೀನಿ."

"ಬೇಡ," ಎಂದಳು ಮಿಸೆಸ್ ಗೋರಿಂಗ್. ಉಂಗುರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ತೋಳಿನ ಬಟ್ಟೆ ಮೇಲೇರಿಸಿದಳು. ಆ ಮನೆಯ ನಲ್ಲಿ ತಿರುಗಿಸಿ ಕಪ್ಪು ತೊಳೆದಳು, ಬಟ್ಟೆಯಲ್ಲಿ ಒರೆಸಿದಳು, ಡೋರೀನ್‌ಳ ಕಪ್ಪಿನ ಪಕ್ಕದ ಮೊಳೆಗೆ ತೂಗುಹಾಕಿದಳು.

ಆಮೇಲೆ ನನ್ನ ಜೊತೆ ಬಂದಳು.