ಸೀಲರ್ ಹಚ್ಚಿದ ಮಂಗಟ್ಟೆ

ಮೊದಲ ದಿನವೇ ‘ಉದಯಣ್ಣ’ ಎಂದು ಕರೆದದ್ದು ಅಭಿಜ್ಞಾಳ ದೊಡ್ಡ ತಪ್ಪು. ಸಿರ್ಸಿಯಲ್ಲಿ ಅಂಗಡಿಯವರೆಲ್ಲ ಅಣ್ಣಂದಿರೇ, ಬಾಯಿ ತಾನಾಗಿ ಅಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವರ್ಷವಾದರೂ ಆ ‘ಅಣ್ಣ’ನನ್ನು ವಾಪಸು ತೆಗೆದುಕೊಳ್ಳುವ ದಾರಿ ಅವಳಿಗೆ ಸಿಕ್ಕಿರಲಿಲ್ಲ.

ಉದಯನದು ಫರ್ನಿಚರ್ ಪಾಲಿಶ್ ಅಂಗಡಿ. ಅವಳು ಶಾಲೆಯ ಕ್ರಾಫ್ಟ್ ಟೀಚರ್. ಊರಿನ ಥಂಡಿಗೆ ಕಾಗದದ ಹಕ್ಕಿಗಳು ಮೆತ್ತಗಾಗಿ ರೆಕ್ಕೆ ಇಳಿಬಿಡುತ್ತವೆ ಎಂದು, ಮಡಚಿದ್ದನ್ನೆಲ್ಲ ಅವನ ಬಳಿ ತಂದು ಮರಕ್ಕೆ ಬಳಿಯುವ ಸೀಲರ್ ಹಚ್ಚಿಸುತ್ತಿದ್ದಳು. ಅರ್ಧ ಗಂಟೆಯಲ್ಲಿ ಒಣಗಿ ಗಟ್ಟಿಯಾಗುತ್ತಿತ್ತು. ಆ ಅರ್ಧ ಗಂಟೆಗಾಗಿಯೇ ಅವಳು ಹಕ್ಕಿ ಮಡಚುತ್ತಿದ್ದಳು ಎಂದರೂ ಸುಳ್ಳಲ್ಲ.

ಈ ಸಲ ತಂದದ್ದು ತೆಳು ಬಿಳಿ ಕಾಗದದ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ.

“ಚಂದ ಬಂದಿದೆ ಟೀಚರೇ. ಬೇಗ ಮುಗಿಸಿ ಕೊಡ್ತೆ. ಭಾನುವಾರ ಯಲ್ಲಾಪುರಕ್ಕೆ ಹೋಗೂದಿದೆ. ಅಮ್ಮ ಹುಡುಗಿ ನೋಡಿಟ್ಟಿದಾಳೆ.”

“ಒಳ್ಳೇದಾಯ್ತು ಉದಯಣ್ಣ” ಎಂದಿತು ಹಾಳು ಬಾಯಿ.

ಅವನು ಬ್ರಷ್ ಅದ್ದಿ ರೆಕ್ಕೆಯ ಮೇಲೆ ಎಳೆದ. ಕಾಗದ ಎಣ್ಣೆ ಕುಡಿದ ಹಾಗೆ ಪಾರದರ್ಶಕವಾಯಿತು. ಒಳಮಗ್ಗುಲಿನಿಂದ ಪೆನ್ಸಿಲ್ ಅಕ್ಷರಗಳು ಒಂದೊಂದಾಗಿ, ತಿರುಗುಮುರುಗಾಗಿ ಮೇಲೆ ಬರತೊಡಗಿದವು. ಮಡಚುವ ಮೊದಲು ಅವಳೇ ಬರೆದದ್ದು. ಒಳಗಿರುವುದು ಯಾರಿಗೂ ಕಾಣುವುದಿಲ್ಲ, ಅವನ ಕೈಯಲ್ಲಿ ಒಮ್ಮೆ ಹೋಗಿಬಂದರೆ ಸಾಕು ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಹಿಂದಿನ ಹಕ್ಕಿಗಳ ದಪ್ಪ ಬಣ್ಣದ ಕಾಗದ ಗುಟ್ಟು ಕಾದಿತ್ತು, ತೆಳುವಾದದ್ದು ಕಾಯುವುದಿಲ್ಲ ಎಂದು ಅವಳಿಗೇನು ಗೊತ್ತು!

ಕಸಿದುಕೊಳ್ಳೋಣವೆಂದರೆ ಹಸಿ ಹಕ್ಕಿ ಹರಿದುಹೋಗುತ್ತದೆ. ಓಡೋಣವೆಂದರೆ ಹಕ್ಕಿ ಅವನ ಕೈಯಲ್ಲೇ ಉಳಿಯುತ್ತದೆ. ಪಾಲಿಶ್‌ಗೆ ಬಂದಿದ್ದ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿಗೆ ಅವನು ಹಕ್ಕಿ ಹಿಡಿದು ಓದುವುದನ್ನು ನೋಡುತ್ತ ನಿಂತಳು. ರೆಕ್ಕೆಯ ಉದ್ದಕ್ಕೂ ಒಂದೇ ಹೆಸರು. ಉದಯ, ಉದಯ, ಉದಯ.

ಕನ್ನಡಿಯಲ್ಲೇ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವನ ಕಿವಿ ಕೆಂಪಾಗಿತ್ತು.

“ಇದ್ರಲ್ಲಿ ಅಣ್ಣ ಎಲ್ಲಿ?”

“ಜಾಗ ಸಾಲ್ಲಿಲ್ಲ” ಎಂದಳು. “ಇನ್ನೊಂದು ಕೋಟ್ ಹೊಡೆದ್ರೆ ಅಳಿಸಿ ಹೋಗ್ತದಾ?”

“ಇಲ್ಲ. ಇನ್ನೂ ಸ್ಪಷ್ಟ ಕಾಣ್ತದೆ.”

ಇನ್ನು ಮುಚ್ಚಿಡಲು ಉಳಿದದ್ದಾದರೂ ಏನು?

“ಹಂಗಾರೆ ಹೊಡಿ, ಉದಯ.”

ಅವನು ಬ್ರಷ್ ಅದ್ದಿದ. “ಇದು ಒಣಗೂಕೆ ಭಾನುವಾರ ದಾಟ್ತದೆ” ಎಂದ, ತಲೆ ಎತ್ತದೆ. “ಯಲ್ಲಾಪುರಕ್ಕೆ ಬರೂಕಾಗೂದಿಲ್ಲ ಅಂತ ಅಮ್ಮಂಗೆ ಹೇಳ್ತೆ.”