ಅಚ್ಚಿನಿಂದೆದ್ದ ದೋಣಿ

"ದೆವ್ವದ ಮೇಲೆ ಕೇಸು ಹಾಕಕ್ಕಾಗಲ್ಲ ತಾತ. ಸಮನ್ಸ್ ಯಾರ ಕೈಗೆ ಕೊಡೋದು?" ಅಂದಳು ಕಾನ್‌ಸ್ಟೇಬಲ್ ದುಲಾರಿ ಮಂಗ್ರೂ, ಪೆನ್ನಿನ ಮುಚ್ಚಳ ಕೂಡ ತೆಗೆಯದೆ.

ಟ್ರಿನಿಡಾಡಿನ ಕೆರೆನೇಜ್ ಠಾಣೆ. ಜುಲೈ 28, ಸೋಮವಾರ, ಬೆಳಗ್ಗೆ 8:10. ತಾತ ಅನ್ನಿಸಿಕೊಂಡ ಎಜ್ರಾ ದೋಣಿ ಕಟ್ಟುವ ಶೆಡ್ಡಿನ ಕಾವಲುಗಾರ. ಅವನನ್ನು ಕರೆತಂದಿದ್ದ ಅನೀಸಾ ಜುಮಾನ್‌ಗೆ ದೆವ್ವದ ಮಾತು ಬೇಕಿರಲಿಲ್ಲ. ಅವಳ ದೂರು ನೆಟ್ಟಗಿತ್ತು. ಚಾಗ್ವಾರಾಮಸ್‌ನ ಶೆಡ್ಡಿನಲ್ಲಿ ಅವಳಿಗಾಗಿ ಕಟ್ಟುತ್ತಿದ್ದ ಓಟದ ದೋಣಿ 'ಶಬ್‌ನಮ್ ಎರಡು'. ಅದರ ಎರಡೂ ಎಂಜಿನ್ನುಗಳ ಟರ್ಬೋಗಳನ್ನು ಯಾರೋ ಹಾಳುಮಾಡಿದ್ದರು. ಟೊಬೇಗೋ ದ್ವೀಪದವರೆಗಿನ ದೋಣಿ ಓಟಕ್ಕೆ ಇನ್ನು ಮೂರೇ ವಾರ, ಹೊರದೇಶದಿಂದ ಹೊಸ ಟರ್ಬೋ ಬರಲು ಆರು ವಾರ.

ಅನುಮಾನ ಯಾರ ಮೇಲೆ ಎಂದು ಇನ್ಸ್‌ಪೆಕ್ಟರ್ ಬೋವೆಲ್ ಕೇಳಿದ. ಹೋದ ವರ್ಷ ಗೆದ್ದ ಡೆಕ್ಸ್ಟರ್ ಸಿಲ್ವೆರಾನ ಹೆಸರು ಅವಳ ಬಾಯಿಂದ ಉಗುಳಿದ ಹಾಗೆ ಬಂತು. ಬೋವೆಲ್ ಬರೆದುಕೊಂಡ. ಆಮೇಲೆ, ಏನಿದು ದೆವ್ವದ ಕತೆ ಎಂದು ಮುದುಕನ ಕಡೆ ತಿರುಗಿದ.

ಎಜ್ರಾ ಕುರ್ಚಿಯ ತುದಿಗೆ ಬಂದ. ಹದಿನೈದು ದಿನದಿಂದ, ನಸುಕಿನಲ್ಲಿ, ದೋಣಿಯ ಹೊಟ್ಟೆ ತಟ್ಟುವ ಸದ್ದು. ತಟ್ಟುವವನು ಫಜಲ್ ಜುಮಾನ್, ಈ ಹುಡುಗಿಯ ಅಪ್ಪ. ಹನ್ನೆರಡು ವರ್ಷದ ಕೆಳಗೆ ಇದೇ ಓಟದಲ್ಲಿ ಮೊದಲನೇ ಶಬ್‌ನಮ್ ಮಗುಚಿ, ಅದರೊಳಗೇ ಸಿಕ್ಕಿಕೊಂಡು ಸತ್ತವನು. ಹೊರಗೆ ಬಿಡಿ ಅಂತ ತಟ್ಟುತ್ತಾನಂತೆ.

"ನೋಡಿದ್ಯಾ?"

"ನೋಡಕ್ಕೆ ಒಳಗೆ ಹೋಗ್ಬೇಕಲ್ಲ ಸಾಹೇಬ್ರೆ. ನನಗೆ ಸಂಬಳ ಕೊಡೋದು ಗೇಟು ಕಾಯಕ್ಕೆ."

ಅನೀಸಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಓಟದ ಮಾತೆತ್ತಿದರೆ ಊರೆಲ್ಲ ಅವಳಿಗೆ ಅಪ್ಪನ ಸಾವನ್ನೇ ನೆನಪಿಸುತ್ತಿತ್ತು. ಅಪ್ಪ ಮುಟ್ಟದ ದಡವನ್ನು ಅಪ್ಪನ ದೋಣಿಯ ಅಚ್ಚಿನಿಂದಲೇ ಎದ್ದ ದೋಣಿಯಲ್ಲಿ ಮುಟ್ಟಬೇಕು ಅನ್ನುವುದು ಅವಳ ಹಟ.

9:40ಕ್ಕೆ ಶೆಡ್ಡಿನಲ್ಲಿ ಪಂಚನಾಮೆ ಶುರುವಾಯಿತು. ಪಂಚರು ಎಜ್ರಾ ಮತ್ತು ಪಕ್ಕದ ಶೆಡ್ಡಿನಲ್ಲಿ ಹಾಯಿ ಹೊಲಿಯುವವನು. ದೋಣಿ ಕಟ್ಟುವ ವಿನ್ಸ್ಲೋ ಪಾಂತಿನ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಅರವತ್ತೆರಡರ ಒಣಕಲು ಆಳು, ಉಗುರಿನ ಸಂದಿಯಲ್ಲೆಲ್ಲ ರಾಳ. ಫಜಲ್‌ನ ಜೀವದ ಗೆಳೆಯ, ಮೊದಲನೇ ಶಬ್‌ನಮ್ ಕಟ್ಟಿದವನೂ ಅವನೇ. ಇನ್ನೂ ಬಣ್ಣ ಕಾಣದ ದೋಣಿ ಉದ್ದಕ್ಕೆ, ಮಾಸಲು ಬಿಳುಪಾಗಿ, ಹೆಣದ ಹಾಗೆ ಕಟ್ಟೆಗಳ ಮೇಲೆ ಮಲಗಿತ್ತು. ಶೆಡ್ಡಿನೊಳಗೆ ಸೆಕೆ ಕುದಿಯುತ್ತಿದ್ದರೂ ದುಲಾರಿ ತೋಳು ಉಜ್ಜಿಕೊಂಡಳು.

ಟರ್ಬೋ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷ ಸುತ್ತು ತಿರುಗಿ ಗಾಳಿ ತುರುಕುವ ಪುಟ್ಟ ಚಕ್ರ. ಅದರ ಎಸಳುಗಳನ್ನು ಇಕ್ಕಳದಿಂದ ಒಂದೊಂದಾಗಿ ಬಗ್ಗಿಸಿದ್ದರು. ಟರ್ಬೋದ ಬಾಯಿಗೆ ಬಟ್ಟೆ ಕಟ್ಟಿತ್ತೋ ಇಲ್ಲವೋ ಎಂದು ಬೋವೆಲ್ ಕೇಳಿದ. ಕಟ್ಟಿತ್ತು, ಬೆಳಗ್ಗೆ ತಾನೇ ಬಿಚ್ಚಿದ್ದು, ಒಗೆದ ಬಟ್ಟೆ, ಬಿಗಿಯಾದ ಗಂಟು ಅಂದಳು ಅನೀಸಾ. ಬೋವೆಲ್ ಆ ಬಟ್ಟೆಯನ್ನು ಜಪ್ತಿ ಮಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ಸಿಲ್ವೆರಾನ ವಿಷಯ ತಿಳಿಯಿತು. ಅವನೂ ಅವನ ಮೆಕ್ಯಾನಿಕ್‌ಗಳೂ ಶುಕ್ರವಾರದಿಂದ ಟೊಬೇಗೋದಲ್ಲೇ ಇದ್ದರು. ಶೆಡ್ಡಿಗೆ ಗೇಟಿನಿಂದ ಕಾಣದ, ಕಡಲ ಕಡೆಯದೊಂದು ಬಾಗಿಲಿತ್ತು, ಅದರ ಬೀಗ ಒಡೆದಿರಲಿಲ್ಲ. ಬೀಗದಕೈ ಇದ್ದದ್ದು ಇಬ್ಬರ ಬಳಿ, ಅನೀಸಾ ಮತ್ತು ವಿನ್ಸ್ಲೋ.

ರಸ್ತೆ ಬದಿಯಲ್ಲಿ ಜೀಪು ನಿಲ್ಲಿಸಿ ಬೋವೆಲ್, ದುಲಾರಿ ಇಬ್ಬರೂ ಡಬಲ್ಸ್ ರೊಟ್ಟಿ ತಿನ್ನುತ್ತಿದ್ದರು. ಬೋವೆಲ್ ಬೆರಳಿಗಂಟಿದ ಕಡಲೆಗೊಜ್ಜು ನೆಕ್ಕುತ್ತ ಕೇಳಿದ, "ನೀನು ಸಿಲ್ವೆರಾ ಕಡೆಯವಳು ಅಂದ್ಕೊ. ಏನ್ಮಾಡ್ತಿದ್ದೆ?"

"ಒಂದು ಬೋಲ್ಟ್ ಸಡಿಲ ಮಾಡಿ ಸುಮ್ನಾಗ್ತಿದ್ದೆ ಸಾರ್. ನಡುನೀರಲ್ಲಿ ಕಿತ್ಕೊಂಡು ಹೋಗೋದು."

"ಟರ್ಬೋ ಕೆಡಿಸಿದೋನು?"

"ದಡದಲ್ಲೇ ಗೊತ್ತಾಗೋ ಹಾಗೆ ಮಾಡಿದ್ದಾನೆ." ದುಲಾರಿ ಅಗಿಯುವುದನ್ನು ನಿಲ್ಲಿಸಿದಳು. "ಕೆಡಿಸಿದ ಮೇಲೂ ಧೂಳು ಹೋಗದ ಹಾಗೆ ಬಟ್ಟೆ ಕಟ್ಟಿದ್ದಾನೆ. ಕೈಗೆ ಅಭ್ಯಾಸ ಆಗಿರೋನು. ದೋಣಿ ಹೋಗ್ಬಾರ್ದು, ಹುಡುಗಿ ಉಳೀಬೇಕು."

"ಹಂಗಾದ್ರೆ ನಸುಕಲ್ಲಿ ತಟ್ಟೋದು ಯಾಕೆ?"

ಅದನ್ನು ತಿಳಿಯಲೆಂದೇ ಮಂಗಳವಾರ ಬೆಳಗ್ಗೆ ಐದಕ್ಕೆ ಇಬ್ಬರೂ ಶೆಡ್ಡಿನ ಹಿಂಬದಿಯಲ್ಲಿ, ಹಳೇ ಅಚ್ಚಿನ ಮರೆಯಲ್ಲಿ ಕೂತಿದ್ದರು. ಅಚ್ಚು ಅಂದರೆ ಒಳಗೆ ಪದರ ಪದರವಾಗಿ ಫೈಬರ್ ಹಾಸಿ ದೋಣಿ ಎಬ್ಬಿಸುವ, ದೋಣಿಯಾಕಾರದ ಟೊಳ್ಳು. ಇದರಿಂದ ಎರಡೇ ದೋಣಿ ಎದ್ದಿದ್ದವು. ಸಮುದ್ರ ಉಸಿರೇ ಇಲ್ಲದ ಹಾಗಿತ್ತು.

5:20ಕ್ಕೆ ಸದ್ದು ಶುರುವಾಯಿತು. ಟಕ್. ಟಕ್. ಟಕ್. ದುಲಾರಿ ಕೊರಳ ಸರ ಹಿಡಿದುಕೊಂಡಳು. ಟಕ್. ಟಕ್. ಆಮೇಲೆ ಒಂದು ಸಲ, ದಬ್. ಸತ್ತ ಸದ್ದು, ಒಳಗೆ ಯಾರೋ ಅಂಗೈಯಿಂದ ಗುದ್ದಿದ ಹಾಗೆ. ಮತ್ತೆ ಅಲ್ಲೇ, ದಬ್.

ಬೋವೆಲ್ ಟಾರ್ಚ್ ಹಾಕಿದ. ದೋಣಿಯ ಕೆಳಗೆ ವಿನ್ಸ್ಲೋ ಮಂಡಿಯೂರಿ, ಕಿವಿಯನ್ನು ಅದರ ಹೊಟ್ಟೆಗೆ ಒತ್ತಿ ಕೂತಿದ್ದ. ಕೈಯಲ್ಲಿ ಇಪ್ಪತ್ತೈದು ಸೆಂಟ್ಸಿನ ನಾಣ್ಯ. ಅವನು ಏಳಲಿಲ್ಲ, ಬೆಳಕಿಗೆ ಕಣ್ಣು ಕೂಡ ಮುಚ್ಚಲಿಲ್ಲ.

"ಟರ್ಬೋ ನೀವೇ ಕೆಡಿಸಿದ್ದಾ?"

"ಹೂಂ."

"ಇದೇನು ತಟ್ಟೋದು?"

ವಿನ್ಸ್ಲೋ ದೋಣಿಯ ಹೊಟ್ಟೆಯ ಮೇಲೆ ತಟ್ಟೆಯಗಲಕ್ಕೆ ಸುತ್ತ ಎಳೆದಿದ್ದ ಪೆನ್ಸಿಲ್ ಗೀಟೊಂದನ್ನು ಬೆರಳಿನಿಂದ ಸವರಿದ. ಪದರ ಕೂಡಿದ ಕಡೆ ಟಕ್ ಅನ್ನುತ್ತೆ, ಕೂಡದ ಕಡೆ ದಬ್ ಅನ್ನುತ್ತೆ, ದೋಣಿ ಕಟ್ಟುವವರೆಲ್ಲ ಹೀಗೇ ನೋಡುವುದು ಅಂದ. ಈ ಅಚ್ಚಿನಲ್ಲೊಂದು ಮೊನಚು ಮೂಲೆ ಇದೆ. ಅಲ್ಲಿ ಫೈಬರ್ ಬಟ್ಟೆ ತಳ ಕಚ್ಚದೆ ಮೇಲೇ ನಿಂತುಬಿಡುತ್ತೆ, ಕೆಳಗೆ ಪೊಳ್ಳು. ಗಂಟೆಗೆ ನೂರು ಮೈಲಿಯಲ್ಲಿ ಅಲೆಗೆ ಬಡಿದರೆ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಳ್ಳುತ್ತೆ. ಎಷ್ಟು ಜೋಪಾನ ಮಾಡಿದರೂ ಈ ಸಲವೂ ಅದೇ ಜಾಗದಲ್ಲಿ ಪೊಳ್ಳು ಉಳಿಯಿತು. ಕೊಯ್ದು ಮತ್ತೆ ಕಟ್ಟಲು ತಿಂಗಳ ಮೇಲಾಗುತ್ತೆ. ಈ ವರ್ಷ ಬೇಡ ಮಗಳೇ ಎಂದು ಮೂರು ಸಲ ಹೇಳಿದ್ದನಂತೆ. ಮಾಮ ನಿಮಗೆ ವಯಸ್ಸಾಯ್ತು ಎಂದು ಅವಳು ನಕ್ಕಿದ್ದಳಂತೆ.

"ಪೊಳ್ಳಿದೆ ಅಂತಾನೇ ಹೇಳ್ಬಹುದಿತ್ತಲ್ಲ," ಅಂದ ಬೋವೆಲ್.

"ಅದೇ ಅಚ್ಚಲ್ವಾ, ಅಪ್ಪನ ದೋಣೀಲೂ ಇತ್ತಾ ಅಂತ ಕೇಳ್ತಾಳೆ." ವಿನ್ಸ್ಲೋ ಮತ್ತೊಮ್ಮೆ ಗೀಟಿನೊಳಗೆ ತಟ್ಟಿದ. ದಬ್. "ದಿನಾ ಬರ್ತೀನಿ, ಇವತ್ತಾದ್ರೂ ಬೇರೆ ಸದ್ದು ಬರುತ್ತೇನೋ ಅಂತ. ಫಜಲ್ ಹೊರಟ ಆ ಬೆಳಗ್ಗೇನೂ ಹೀಗೇ ಅಂದಿತ್ತು ಇನ್ಸ್‌ಪೆಕ್ಟರೇ. ಇಷ್ಟೇ ಜೋರಾಗಿ."

ತೇಲುತ್ತಿದ್ದ ಮರದ ದಿಮ್ಮಿಗೆ ಬಡಿದು ಮಗುಚಿತೆಂದು ಹನ್ನೆರಡು ವರ್ಷದ ಕೆಳಗೆ ವರದಿಯಾಗಿತ್ತು. ದಿಮ್ಮಿಯನ್ನು ಯಾರೂ ಕಂಡಿರಲಿಲ್ಲ. ವಿನ್ಸ್ಲೋ ಹೌದು ಅಂದಿರಲಿಲ್ಲ, ಅಲ್ಲ ಅಂತಲೂ ಅಂದಿರಲಿಲ್ಲ.

5:55ಕ್ಕೆ ಬಂಧನ. ಆಸ್ತಿಗೆ ಬೇಕೆಂದೇ ಹಾನಿ ಮಾಡಿದ ಆರೋಪ. ಆರೋಪಿಯನ್ನು ಕೇಳಿದಾಗ ಒಪ್ಪಿಕೊಂಡನೆಂದೂ, ಓಡಲು ಯತ್ನಿಸಲಿಲ್ಲವೆಂದೂ ದುಲಾರಿ ಠಾಣೆಯ ಡೈರಿಯಲ್ಲಿ ಬರೆದಳು. ಕಾರಣ ಎಂಬ ಕಡೆ ಬೋವೆಲ್ ತಾನೇ ಪೆನ್ನು ತೆಗೆದುಕೊಂಡ. 'ದೋಣಿ ನೀರಿಗಿಳಿಯದಂತೆ ತಡೆಯಲು' ಎಂದು ಬರೆದು, ಮುಂದುವರಿಸಿದ: 'ಗೆಳೆಯನಿಗೆ ಹೇಳದೇ ಉಳಿದದ್ದನ್ನು ಗೆಳೆಯನ ಮಗಳಿಗೆ ಹೇಳಲು ಬಾಯಿ ಬಾರದೆ.' ಅದನ್ನು ಹೊಡೆದು ಹಾಕಬೇಕೆನ್ನಿಸಿತು. ಹಾಕಲಿಲ್ಲ.

7:30ಕ್ಕೆ ಅನೀಸಾ ಬಂದಳು. ಬೋವೆಲ್ ಎಲ್ಲವನ್ನೂ ಹೇಳಿದ. ಅವಳು ನಿಂತೇ ಕೇಳಿದಳು. ಆಮೇಲೆ ಬೆಂಚಿನ ಮೇಲಿದ್ದ ವಿನ್ಸ್ಲೋನ ಎದುರಿಗೆ ಹೋದಳು.

"ಅವತ್ತು ಅಪ್ಪ ಕೇಳಿದ್ರಾ ಮಾಮ, ದೋಣಿ ಹೇಗಿದೆ ಅಂತ?"

"ಕೇಳ್ದ."

"ಏನಂದ್ರಿ?"

"ಚೆನ್ನಾಗಿದೆ, ಹೋಗ್ಬಾ ಅಂದೆ. ದಡದ ತುಂಬ ಜನ ಇದ್ರು ಮಗಳೇ. ಬ್ಯಾಂಡ್ ಬಾರಿಸ್ತಿದ್ರು."

ಅನೀಸಾ ಹೊರಗೆ ಹೋದಳು. ಬೋವೆಲ್ ಕಿಟಕಿಗೆ ಬಂದ. ಅವಳು ಕಾರಿನಲ್ಲಿ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೂತಿದ್ದಳು, ಎಂಜಿನ್ ಓಡುತ್ತಿತ್ತು. ಹಿಂದಿನಿಂದ ಮ್ಯಾಕ್ಸಿ ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಹೊಡೆದ. ಅವಳು ಕೈ ಎತ್ತಿ ಸನ್ನೆ ಮಾಡಿ, ಕಾರನ್ನು ನಾಲ್ಕು ಮಾರು ಮುಂದೆ ತೆಗೆದುಕೊಂಡು ಹೋಗಿ, ಮತ್ತೆ ನಿಲ್ಲಿಸಿದಳು.