ಮಸ್ಕತ್‌ನಿಂದ ನಡೆಸಿದ ರೊಟ್ಟಿ ಅಂಗಡಿ

"ಯಾರ್ರಿ ನೀವು? ನನ್ನ ಅಂಗಡ್ಯಾಗ ಏನ ಮಾಡಾಕತ್ತೀರಿ?"

ಮಸ್ಕತ್‌ನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ವಿಜಯಶ್ರೀ ಮೊಬೈಲ್ ಪರದೆಯನ್ನೇ ದಿಟ್ಟಿಸುತ್ತಿದ್ದಳು. ಹೈದರಾಬಾದಿನ ನಾರಾಯಣಗೂಡದಲ್ಲಿದ್ದ ಅವಳ ಪುಟ್ಟ ರೊಟ್ಟಿ ಅಂಗಡಿಯೊಳಗೆ ಅಪರಿಚಿತನೊಬ್ಬ ನಿಂತಿದ್ದ.

ಅಂಗಡಿಯ ಗೋಡೆಯ ಕ್ಯಾಮೆರಾದಿಂದ ಬಂದ ಅವಳ ದನಿಗೆ ಅವನು ಬೆಚ್ಚಿ ತಲೆಯೆತ್ತಿದ.

"ಶಿವದೇವಕ್ಕಗ ಜ್ವರ ಬಂದೈತ್ರಿ. ನಾ ಬಸವಕಿರಣ, ಎದುರಿಗೆ ಹೊಸದಾಗಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟೀನಿ. ಗಿರಾಕಿ ವಾಪಸ್ ಹೋಗಾಕತ್ತಿದ್ರು... ಅದಕ್ಕ ನಿಂತೀನ್ರಿ."

ಅಪಘಾತದಲ್ಲಿ ಸೊಂಟ ಮುರಿದುಕೊಂಡಿದ್ದ ಅಕ್ಕ ಅನುರಾಧಾಳನ್ನು ನೋಡಿಕೊಳ್ಳಲು ಒಂದು ತಿಂಗಳಿಗೆಂದು ಹೋದವಳು ವಿಜಯಶ್ರೀ. ತಿಂಗಳುಗಳೇ ಉರುಳಿದರೂ ಅಕ್ಕ ಎದ್ದು ನಡೆಯಲಿಲ್ಲ. ಅಕ್ಕನಿಗೆ ಊಟ ಮಾಡಿಸಬೇಕು, ಅವಳ ಮಗಳನ್ನು ಶಾಲೆಗೆ ಕಳಿಸಬೇಕು. ನಡುವೆ ಫೋನಿನಲ್ಲೇ ಜೋಳದ ಹಿಟ್ಟು ತರಿಸಬೇಕು, ಶೇಂಗಾ ಚಟ್ನಿಯ ಆರ್ಡರ್ ಹಿಡಿಯಬೇಕು, ರೊಟ್ಟಿ ಬಡಿಯುವ ಶಿವದೇವಿಗೆ ಎಲ್ಲವನ್ನೂ ನೆನಪಿಸಬೇಕು... ಕಣ್ಣು ಮುಚ್ಚಿದರೂ ಫೋನಿನ ಸದ್ದೇ ಕೇಳುತ್ತಿತ್ತು.

ಶಿವದೇವಿ ಚೇತರಿಸಿಕೊಂಡ ಮೇಲೂ ಬಸವಕಿರಣ ಅಂಗಡಿಯತ್ತ ಕಣ್ಣಿಟ್ಟಿರುತ್ತಿದ್ದ. ಮಧ್ಯಾಹ್ನ ಫೋನು ಮಾಡಿ, ಕೋಚಿಂಗ್ ಸೆಂಟರಿನ ಹುಡುಗರಿಗೆ ಚಟ್ನಿ ಖಾರ ಸಾಲದಂತೆ ಎಂದೆಲ್ಲ ಸುದ್ದಿ ಹೇಳುತ್ತಿದ್ದ. ಕೊನೆಗೆ ತಪ್ಪದೆ ಕೇಳುತ್ತಿದ್ದ: "ನೀವು ಉಂಡ್ರೇನು?"

ವಿಜಯಶ್ರೀಯನ್ನು ಹಾಗೆ ಕೇಳುವವರು ಬೇರೆ ಯಾರಿದ್ದರು?

ಅಕ್ಕನ ಎರಡನೆಯ ಆಪರೇಷನ್ ದಿನ ಮೊಬೈಲಿನಲ್ಲಿ ಅಂಗಡಿಯ ದೃಶ್ಯ ಕಪ್ಪಾಯಿತು. ಅಂಗಡಿ ಖಾಲಿಯಾಗಿದೆ, ಸಾಮಾನನ್ನೆಲ್ಲ ಬಸವಕಿರಣನೇ ತನ್ನ ಅಂಗಡಿಗೆ ಹೊತ್ತೊಯ್ದ ಎಂದು ಹಳೆಯ ಗಿರಾಕಿ ಸುಮತಿ ತಿಳಿಸಿದಳು.

ವಿಜಯಶ್ರೀ ಕೂಡಲೇ ಬಸವಕಿರಣನಿಗೆ ಫೋನು ಮಾಡಿದಳು. 'ಇದಕ್ಕೇನಾ ಇಷ್ಟು ದಿನದ ಅಕ್ಕರೆ?'

"ದೂರ ಅದಾಳಂತ ನನ್ನ ಅಂಗಡೀನ ಕಸಗೊಂಡ್ರೇನು? ನಾ ನಿಮ್ಮನ್ನ ನಂಬಿದ್ದೆ..."

ಅವನ ಉತ್ತರಕ್ಕೂ ಕಾಯದೆ ಫೋನಿಟ್ಟಳು.

ಮರುದಿನ ಶಿವದೇವಿಯ ಕರೆ ಬಂತು. ಮಳಿಗೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಸಂಜೆಯೊಳಗೆ ಖಾಲಿ ಮಾಡಿ ಎಂದು ಹಟ ಹಿಡಿದಿದ್ದ.

"ಬಸವಕಿರಣ ತನ್ನ ಅಂಗಡ್ಯಾಗ ಅರ್ಧ ಜಾಗಾ ಬಿಟ್ಟಕೊಟ್ಟಾನ ತಂಗಿ. ನಿನ್ನ ಬೋರ್ಡೂ ಅಲ್ಲೇ ಹಚ್ಚ್ಯಾನ. ಆಪರೇಷನ್ ಮುಗಿಯೂಮಟ ಆಕಿಗೆ ಹೇಳಬ್ಯಾಡ್ರಿ, ಗಾಬರಿ ಆಗತಾಳ ಅಂದ."

ವಿಜಯಶ್ರೀ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಕ್ಷಮೆ ಕೇಳಲು ಬರೆದ ಸಂದೇಶಗಳನ್ನೆಲ್ಲ ತಾನೇ ಅಳಿಸಿದಳು. ಅವನೂ ಫೋನು ಮಾಡಲಿಲ್ಲ. ಅಕ್ಕ ಕೋಲು ಹಿಡಿದು ನಡೆಯುವಂತಾದ ಮೇಲೆ ಹೈದರಾಬಾದಿಗೆ ಹೊರಟಳು.

ವಿಮಾನ ನಿಲ್ದಾಣದಿಂದ ನೇರವಾಗಿ ಅವನ ಅಂಗಡಿಗೇ ಬಂದಳು. ಒಂದು ಬದಿಯಲ್ಲಿ ಬಿಚ್ಚಿಟ್ಟ ಮಿಕ್ಸರ್‌ಗಳು, ಇನ್ನೊಂದು ಬದಿಯಲ್ಲಿ ಬಿಸಿ ರೊಟ್ಟಿಯ ರಾಶಿ. ಬಸವಕಿರಣ ಸ್ಕ್ರೂಡ್ರೈವರ್ ಹಿಡಿದವನು ಹಾಗೆಯೇ ನಿಂತುಬಿಟ್ಟ.

"ಅವತ್ತ ಕೆಟ್ಟದಾಗಿ ಮಾತಾಡಿದ್ನಿ," ಎಂದಳು. "ನೀವ್ಯಾಕ ಒಂದು ಫೋನೂ ಮಾಡ್ಲಿಲ್ಲ?"

"ನಿಮಗ ಮೊದಲ ಸಾಕಷ್ಟು ಭಾರ ಇತ್ತರಿ. ಅದರ ಮ್ಯಾಲ ನಂದೂ ಯಾಕ ಅಂತ..."

"ನಿಮ್ಮ ಫೋನ್ ಭಾರ ಆಗಿರಲಿಲ್ಲ. ಅದೊಂದೇ ಹಗುರ ಇತ್ತು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಹಿಟ್ಟಿನ ಚೀಲಕ್ಕೆ ಒರಗಿ ಕುಳಿತಳು.

"ಈ ಜಾಗಾ ನಿಮ್ಮದು. ನಾ ಬ್ಯಾರೆ ಅಂಗಡಿ ಹುಡುಕಲೇನ್ರಿ?"

ಬಸವಕಿರಣ ಅವಳೆದುರು ಸ್ಟೂಲು ಎಳೆದುಕೊಂಡು ಕುಳಿತ.

"ನನ್ನ ಕೇಳಿದ್ರ... ಹುಡುಕಬ್ಯಾಡ್ರಿ. ಅಂಗಡಿ ಅಷ್ಟ ಅಲ್ಲ, ನೀವೂ ಇಲ್ಲೇ ಇರ್ರಿ. ನನ್ನ ಜೋಡಿ."

ವಿಜಯಶ್ರೀ ಕಣ್ಣು ಮುಚ್ಚಿದಳು. ರೆಪ್ಪೆಯಂಚಿನಿಂದ ನೀರಿಳಿಯಿತು.

"ಇರ್ತೀನಿ," ಎಂದಳು. "ಈಗ ಒಂದೀಟು ಮಲಕೊಳ್ಳಲೇನು? ಭಾಳ ದಣಿದೀನಿ."

"ಮಲಕೋರಿ. ಗಿರಾಕಿ ಬಂದ್ರ ನಾ ನೋಡಕೋತೀನಿ."